ಆದಾಯ ಏರುತ್ತಿರುವ ಕ್ಯುಪರ್ಟಿನೋದಲ್ಲಿ ಶಾಲೆಗಳು ಮುಚ್ಚುವುದೇಕೆ?

ಬಾಡಿಗೆಮನೆ (ಚರ್ಚೆ ಆರಂಭಿಸಿದವರು)

ಕ್ಯಾಲಿಫೋರ್ನಿಯಾದ ಸನಿವೇಲ್‌ನಲ್ಲಿ ಆರು ವರ್ಷಗಳಿಂದ ಬಾಡಿಗೆಗೆ ಇದ್ದೇವೆ. ಮಗಳಿಗೆ ನಾಲ್ಕು ತುಂಬಿತು. ಮುಂದಿನ ವರ್ಷ ಶಾಲೆ. ಹೀಗಾಗಿ ಪಕ್ಕದ ಊರು ಕ್ಯುಪರ್ಟಿನೋಗೆ ಹೋಗುವ ಮಾತು ಮನೆಯಲ್ಲಿ ದಿನಕ್ಕೆರಡು ಬಾರಿ ಬರುತ್ತಿದೆ. ಹೋಗುವ ಮುನ್ನ ಊರನ್ನು ಅರ್ಥ ಮಾಡಿಕೊಳ್ಳೋಣ ಎಂದು ಜನಗಣತಿಯ ಅಂಕಿಗಳನ್ನು ತೆರೆದು ಕುಳಿತೆ. ಅರ್ಥವಾಗುವುದಿರಲಿ, ಗೊಂದಲವೇ ಹೆಚ್ಚಾಯಿತು.

2000ದ ಜನಗಣತಿಯಲ್ಲಿ ಅಲ್ಲಿನ ಮನೆಯೊಂದರ ವಾರ್ಷಿಕ ಆದಾಯದ ಮಧ್ಯಾಂಕ (ಅರ್ಧ ಮನೆಗಳ ಆದಾಯ ಇದಕ್ಕಿಂತ ಹೆಚ್ಚು, ಅರ್ಧದ್ದು ಕಡಿಮೆ) 1,00,411 ಡಾಲರ್. ಈಚಿನ ಅಂದಾಜಿನಲ್ಲಿ ಅದು 2,20,000 ದಾಟಿದೆ. ಜನಸಂಖ್ಯೆ 50,546 ಇದ್ದದ್ದು 2010ರಲ್ಲಿ 58,302, 2020ರಲ್ಲಿ 60,381. ಹಣ ಹೆಚ್ಚಿದೆ, ಜನ ಹೆಚ್ಚಿದ್ದಾರೆ. ಹಾಗಿದ್ದೂ 2022ರಲ್ಲಿ ಅಲ್ಲಿನ ಶಾಲಾ ಜಿಲ್ಲೆ (ಆ ಭಾಗದ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಥಳೀಯ ಸಂಸ್ಥೆ) ರೆಗ್ನಾರ್ಟ್ ಮತ್ತು ಮೈಯರ್‌ಹೋಲ್ಜ್ ಎಂಬ ಎರಡು ಪ್ರಾಥಮಿಕ ಶಾಲೆಗಳನ್ನು ಮುಚ್ಚಿತು. ಕಾರಣ ಮಕ್ಕಳಿಲ್ಲ ಎಂಬುದು. ಶಾಲೆಗಾಗಿಯೇ ಜನ ಮುಗಿಬೀಳುವ ಊರಿನಲ್ಲಿ ಶಾಲೆಗೆ ಮಕ್ಕಳಿಲ್ಲವೆಂದರೆ ಏನರ್ಥ? ನಾನು ಎಲ್ಲೋ ತಪ್ಪಾಗಿ ಓದುತ್ತಿದ್ದೇನೆಯೇ?

ಅಂಕಿಸಂಖ್ಯೆ

ತಪ್ಪಾಗಿ ಓದುತ್ತಿಲ್ಲ, ಅರ್ಧ ಓದಿದ್ದೀರಿ. ಮೊದಲು ಆದಾಯದ ಅಂಕಿಯನ್ನು ನೆಲಕ್ಕಿಳಿಸೋಣ.

2000ದ ಜನಗಣತಿ ಕೇಳಿದ್ದು 1999ರ ಆದಾಯವನ್ನು. ಅಂದಿನ 1,00,411 ಡಾಲರನ್ನು ಅಮೆರಿಕದ ಗ್ರಾಹಕ ಬೆಲೆ ಸೂಚ್ಯಂಕದ ಮೇಲೆ 2022ಕ್ಕೆ ತಂದರೆ ಸುಮಾರು 1,76,000 ಆಗುತ್ತದೆ. ಅಂದರೆ ಕಾಗದದ ಮೇಲೆ ಎರಡು ಪಟ್ಟಿಗೂ ಮಿಗಿಲಾಗಿ ಕಾಣುವ ಏರಿಕೆ ನಿಜದಲ್ಲಿ ಕಾಲುಭಾಗದಷ್ಟು. ಅದೂ ಕಡಿಮೆಯೇನಲ್ಲ, ಆದರೆ ಇಪ್ಪತ್ತಮೂರು ವರ್ಷಗಳ ಅವಧಿಗೆ. ಅದೇ ಅವಧಿಯಲ್ಲಿ ಮನೆಗಳ ಬೆಲೆ ಯಾವ ಮಟ್ಟಕ್ಕೆ ಹೋಯಿತು ಎಂಬುದನ್ನು ಬಾಡಿಗೆಗೆ ಇರುವವರಿಗೆ ನಾನು ಹೇಳಬೇಕಿಲ್ಲ.

ಇನ್ನೊಂದು ಮಾತು. ಕ್ಯುಪರ್ಟಿನೋದ ಅಂಕಿ ಒಂದು ವರ್ಷದ್ದಲ್ಲ. ಜನಗಣತಿ ಇಲಾಖೆಯ ಮಾದರಿ ಸಮೀಕ್ಷೆಯಾದ ಅಮೆರಿಕನ್ ಕಮ್ಯುನಿಟಿ ಸರ್ವೇ ಒಂದು ವರ್ಷದ ಅಂದಾಜನ್ನು 65,000ಕ್ಕಿಂತ ಹೆಚ್ಚು ಜನರಿರುವ ಊರುಗಳಿಗೆ ಮಾತ್ರ ಕೊಡುತ್ತದೆ. ಕ್ಯುಪರ್ಟಿನೋ ಆ ಗೆರೆಯ ಕೆಳಗಿದೆ. ಹಾಗಾಗಿ ಐದು ವರ್ಷಗಳ ಮಾದರಿಯನ್ನು ಒಟ್ಟುಗೂಡಿಸಿ, ಎಲ್ಲವನ್ನೂ ಕೊನೆಯ ವರ್ಷದ ಡಾಲರಿಗೆ ಪರಿವರ್ತಿಸಿ ಕೊಡುತ್ತಾರೆ. 2018ರಿಂದ 2022ರ ಅಂಕಿಯಲ್ಲಿ ಕೋವಿಡ್‌ಗೆ ಮುಂಚಿನ ಎರಡು ವರ್ಷ, ಕೋವಿಡ್, ಅದರ ನಂತರದ ನೇಮಕಾತಿಯ ಭರಾಟೆ ಎಲ್ಲವೂ ಕಲಸಿಹೋಗಿವೆ. "ಕಳೆದ ವರ್ಷಕ್ಕಿಂತ ಈ ವರ್ಷ ಇಷ್ಟು ಏರಿತು" ಎಂದು ಯಾರಾದರೂ ಹೇಳಿದರೆ, ಅಕ್ಕಪಕ್ಕದ ಆ ಎರಡು ಅಂದಾಜುಗಳಲ್ಲಿ ನಾಲ್ಕು ವರ್ಷಗಳ ಮಾದರಿ ಒಂದೇ ಎಂಬುದನ್ನು ಅವರಿಗೆ ನೆನಪಿಸಿ.

ದಾರಿಹೋಕ

ಇಷ್ಟೆಲ್ಲ ಲೆಕ್ಕ ಏಕೆ? ಆ್ಯಪಲ್ ಬಂತು, ಸಂಬಳ ಏರಿತು, ಊರು ಶ್ರೀಮಂತವಾಯಿತು. ಮುಗಿಯಿತು.

ಮೂವತ್ತು ವರ್ಷ

ಮುಗಿಯಲಿಲ್ಲ ಸ್ವಾಮಿ. ಆ್ಯಪಲ್ ಬಂದದ್ದು ಎಪ್ಪತ್ತರ ದಶಕದಲ್ಲೇ. ಅದರ ಇನ್‌ಫಿನಿಟ್ ಲೂಪ್ ಕಚೇರಿ ಕಟ್ಟಡಗಳು 1993ರವು. ನಾನು 1994ರಲ್ಲಿ ಇಲ್ಲಿಗೆ ಬಂದಾಗ ನಮ್ಮ ಬೀದಿಯಲ್ಲಿ ಇದ್ದವರು ನಿವೃತ್ತ ಶಿಕ್ಷಕಿ, ವಿಮಾನ ಕಂಪನಿ ಲಾಕ್‌ಹೀಡ್‌ನಲ್ಲಿ ದುಡಿದ ಮೆಕ್ಯಾನಿಕ್, ಅಂಚೆ ಕಚೇರಿಯ ಒಬ್ಬರು. ಅವರ ಮನೆಗಳು ಇಂದಿಗೂ ಅವೇ ಮನೆಗಳು: ಒಂದಂತಸ್ತು, ಮೂರು ಕೋಣೆ, ಮುಂದೆ ಎರಡು ಕಾರಿನ ಗ್ಯಾರೇಜು. ಆ ಶಿಕ್ಷಕಿಯ ಸಂಬಳದಲ್ಲಿ ಇಂದು ಆ ಮನೆಯ ಗ್ಯಾರೇಜನ್ನೂ ಕೊಳ್ಳಲಾಗದು.

ಶಿಕ್ಷಕಿಗೆ ಸಂಬಳ ಏರಿ ಊರಿನ ಮಧ್ಯಾಂಕ ಮೇಲೆ ಹೋದದ್ದಲ್ಲ. ಶಿಕ್ಷಕಿ ಮಾರಿ ಹೋದರು, ಅವರ ಜಾಗಕ್ಕೆ ಇಬ್ಬರೂ ಎಂಜಿನಿಯರುಗಳಾದ ದಂಪತಿ ಬಂದರು. ಹೀಗೆ ಒಂದೊಂದೇ ಮನೆ. ಹೊಳೆ ಅಲ್ಲೇ ಇದೆ, ನೀರು ಬೇರೆ. ಊರು ಶ್ರೀಮಂತವಾಯಿತು ಎನ್ನುವುದಕ್ಕಿಂತ ಊರಿನ ಬಾಗಿಲು ಎತ್ತರವಾಯಿತು ಎನ್ನುವುದು ಸರಿ.

ಎರಡನೇ ತಲೆಮಾರು

ನಾನು ಇಲ್ಲೇ ಹೈಸ್ಕೂಲು ಓದಿದವನು. ಆ "ನೀರು ಬೇರೆ" ಎಂಬುದಕ್ಕೆ ಅಂಕಿಯನ್ನೇ ನೋಡಿ. 2000ದಲ್ಲಿ ಬಿಳಿಯರು ಶೇ 50ರಷ್ಟು, ಏಷ್ಯಾ ಮೂಲದವರು ಶೇ 44ರಷ್ಟು. 2010ರಲ್ಲಿ ಬಿಳಿಯರು ಶೇ 31.3, ಏಷ್ಯಾ ಮೂಲದವರು ಶೇ 63.3. ಶೇಕಡಾವಾರು ಬಿಟ್ಟು ತಲೆ ಎಣಿಸಿದರೆ ಬಿಳಿಯರು ಸುಮಾರು 25 ಸಾವಿರದಿಂದ 18 ಸಾವಿರಕ್ಕೆ ಇಳಿದರು. ಹತ್ತು ವರ್ಷಗಳಲ್ಲಿ ಏಳು ಸಾವಿರ.

ನಾವು ಶಾಲೆಯಲ್ಲಿದ್ದಾಗ, 2005ರಲ್ಲಿ, ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆ ಮಾಂಟಾ ವಿಸ್ಟಾ ಮತ್ತು ಲಿನ್‌ಬ್ರೂಕ್ ಹೈಸ್ಕೂಲುಗಳ ಬಗ್ಗೆ ವರದಿ ಮಾಡಿತ್ತು. ಏಷ್ಯಾದ ಮಕ್ಕಳ ಜೊತೆ ಸ್ಪರ್ಧೆ ಬೇಡವೆಂದು ಬಿಳಿಯ ಪೋಷಕರು ದೂರ ಸರಿಯುತ್ತಿದ್ದಾರೆ ಎಂಬುದು ಅದರ ಸಾರ. ಅದು ಪ್ರಕಟವಾದ ವಾರ ತರಗತಿಯಲ್ಲಿ ಯಾರೂ ಯಾರ ಮುಖವನ್ನೂ ನೇರವಾಗಿ ನೋಡಲಿಲ್ಲ. ಹೆಚ್ಚು ಅಂಕ ತೆಗೆದದ್ದೇ ತಪ್ಪೇನೋ ಎಂದು ಅನಿಸಿಬಿಟ್ಟಿತ್ತು. ಅಂಥವರು ಇರಲಿಲ್ಲವೆಂದು ನಾನು ಹೇಳುವುದಿಲ್ಲ. ಆದರೆ ನನ್ನ ಕಣ್ಣಿಗೆ ಬಿದ್ದವರಲ್ಲಿ ಹೆಚ್ಚಿನವರು ಮಕ್ಕಳನ್ನು ದಡ ಸೇರಿಸಿ, ಒಳ್ಳೆಯ ಬೆಲೆಗೆ ಮನೆ ಮಾರಿ, ಬೆಟ್ಟದ ಕಡೆಗೋ ಬೇರೆ ರಾಜ್ಯಕ್ಕೋ ಹೋದ ವೃದ್ಧರು. ಕೊಳ್ಳಲು ಬಂದವರಲ್ಲಿ ಬಹುಪಾಲು ನಮ್ಮಂಥವರು.

ಮೂವತ್ತು ವರ್ಷ

ನಮ್ಮಂಥವರು ಎಂಬ ಮಾತೂ ತುಸು ಮೋಸದ್ದು. 2010ರಲ್ಲಿ ಊರಿನ ಶೇ 28ರಷ್ಟು ಚೀನೀ ಮೂಲದವರು, ಶೇ 22ಕ್ಕೂ ಹೆಚ್ಚು ಭಾರತೀಯ ಮೂಲದವರು. ಇವರನ್ನು "ಏಷ್ಯನ್" ಎಂಬ ಒಂದೇ ಚೀಲಕ್ಕೆ ತುಂಬುವುದು ಜನಗಣತಿಗೆ ಅನುಕೂಲ. ತೈವಾನಿನಿಂದ ಎಂಬತ್ತರ ದಶಕದಲ್ಲಿ ಬಂದು ಈಗ ನಿವೃತ್ತರಾದ ಚೀನೀ ದಂಪತಿಗೂ 2016ರಲ್ಲಿ ಬಂದ ತೆಲುಗು ಎಂಜಿನಿಯರನಿಗೂ ಇರುವ ಅಂತರ, ಆ ದಂಪತಿಗೂ ಅವರ ಪಕ್ಕದ ಬಿಳಿಯ ಮುದುಕನಿಗೂ ಇರುವ ಅಂತರಕ್ಕಿಂತ ದೊಡ್ಡದು. ವಯಸ್ಸು, ಮನೆ ಕೊಂಡ ವರ್ಷ, ತೆರಿಗೆ, ಎಲ್ಲದರಲ್ಲೂ.

ಬಾಡಿಗೆಮನೆ

ಇದೆಲ್ಲ ಸರಿ. ಆದರೆ ಕೊಂಡು ಬಂದವರು ಎಳೆಯ ಕುಟುಂಬಗಳಾದರೆ ಮಕ್ಕಳು ಹೆಚ್ಚಬೇಕಲ್ಲವೇ?

ಅಂಕಿಸಂಖ್ಯೆ

ಹೆಚ್ಚಿದರು, ಬಹಳ ವರ್ಷ. ಕ್ಯುಪರ್ಟಿನೋ ಯೂನಿಯನ್ ಶಾಲಾ ಜಿಲ್ಲೆಯಲ್ಲಿ ಕಳೆದ ದಶಕದ ಆರಂಭದ ಹೊತ್ತಿಗೆ ಮಕ್ಕಳ ಸಂಖ್ಯೆ 19 ಸಾವಿರದ ಆಸುಪಾಸು ಇತ್ತು. ಆಮೇಲೆ ಅದು 14 ಸಾವಿರದ ಸುತ್ತಮುತ್ತಕ್ಕೆ ಇಳಿಯಿತು. ಹಳಬರ ಮನೆಗಳು ಕೈ ಬದಲಾಗುತ್ತಿರುವ ತನಕ ತರಗತಿ ತುಂಬುತ್ತಿತ್ತು. ಕೈ ಬದಲಾಗುವುದು ನಿಧಾನವಾದಾಗ ಒಳಗಿದ್ದ ಮಕ್ಕಳು ಬೆಳೆದು ಹೊರಟರು, ಹೊಸ ಮಕ್ಕಳು ಬರಲಿಲ್ಲ. ಜನನ ಪ್ರಮಾಣ ಇಳಿದದ್ದೂ ಇದೆ, ಕೋವಿಡ್ ಕಾಲದಲ್ಲಿ ಮನೆಯಿಂದಲೇ ಕೆಲಸ ಮಾಡುತ್ತಾ ಅಗ್ಗದ ಊರಿಗೆ ಹೋದವರೂ ಇದ್ದಾರೆ. ಆದರೆ ನನ್ನ ಅಭಿಪ್ರಾಯದಲ್ಲಿ ದೊಡ್ಡ ಗಂಟು ಇರುವುದು ತೆರಿಗೆಯಲ್ಲಿ.

ಕ್ಯಾಲಿಫೋರ್ನಿಯಾದ ಮತದಾರರು 1978ರಲ್ಲಿ ಒಪ್ಪಿದ ಪ್ರೊಪೊಸಿಷನ್ 13ರ ಪ್ರಕಾರ ಆಸ್ತಿ ತೆರಿಗೆಯ ಮೂಲ ದರ ಶೇ 1. ಅದನ್ನು ಹಾಕುವುದು ಇಂದಿನ ಮಾರುಕಟ್ಟೆ ಬೆಲೆಯ ಮೇಲಲ್ಲ, ಕೊಂಡಾಗಿನ ಬೆಲೆಯ ಮೇಲೆ. ಆ ಬೆಲೆಯನ್ನು ವರ್ಷಕ್ಕೆ ಹೆಚ್ಚೆಂದರೆ ಶೇ 2ರಷ್ಟು ಏರಿಸಬಹುದು. ಮನೆ ಮಾರಿದ ದಿನ ಲೆಕ್ಕ ಹೊಸದಾಗಿ ಶುರು.

ಒಂದು ಕಲ್ಪಿತ ಉದಾಹರಣೆ. ಅಕ್ಕಪಕ್ಕದಲ್ಲಿ ಒಂದೇ ನಕ್ಷೆಯ ಎರಡು ಮನೆ. ಒಂದನ್ನು 1978ರಲ್ಲಿ 1,00,000 ಡಾಲರಿಗೆ ಕೊಂಡರು ಎನ್ನೋಣ. ಪ್ರತಿವರ್ಷ ಶೇ 2 ಏರಿಸುತ್ತಾ ಬಂದರೂ 46 ವರ್ಷಗಳ ನಂತರ ಅದರ ತೆರಿಗೆಯ ಬೆಲೆ ಸುಮಾರು 2,49,000. ತೆರಿಗೆ ಸುಮಾರು 2,490 ಡಾಲರ್. ಪಕ್ಕದ ಮನೆಯನ್ನು ನೀವು 30 ಲಕ್ಷ ಡಾಲರಿಗೆ ಕೊಂಡಿರಿ. ನಿಮ್ಮ ತೆರಿಗೆ 30,000 ಡಾಲರ್. ಸ್ಥಳೀಯ ಸುಂಕಗಳು ಬೇರೆ. ಬೇಲಿ ಒಂದೇ, ಚರಂಡಿ ಒಂದೇ, ಅಗ್ನಿಶಾಮಕ ವಾಹನ ಬರುವ ಹೊತ್ತೂ ಒಂದೇ. ತೆರಿಗೆ ಮಾತ್ರ ಹನ್ನೆರಡು ಪಟ್ಟು.

ಈ ಭಾಗ್ಯವನ್ನು ಬಿಟ್ಟು ಯಾರು ಹೊರಡುತ್ತಾರೆ ಹೇಳಿ.

ಏಪ್ರಿಕಾಟ್

ನಾನು ಹೊರಡಲಿಲ್ಲ. ವಯಸ್ಸು 71. ಮಕ್ಕಳು ಇಬ್ಬರೂ ಬೇರೆ ರಾಜ್ಯದಲ್ಲಿದ್ದಾರೆ. ನಾಲ್ಕು ಕೋಣೆಯ ಮನೆಯಲ್ಲಿ ನಾವಿಬ್ಬರೇ. ಇದನ್ನು ಓದುವ ಎಳೆಯರಿಗೆ ನಾವು ಕೋಣೆಗಳನ್ನು ಬಚ್ಚಿಟ್ಟುಕೊಂಡ ಜಿಪುಣರಂತೆ ಕಾಣಬಹುದು, ಆದ್ದರಿಂದ ನಮ್ಮ ಲೆಕ್ಕವನ್ನೂ ಹೇಳುತ್ತೇನೆ.

ಮಾರಿದರೆ ಲಾಭದ ಮೇಲೆ ತೆರಿಗೆ. ದಂಪತಿಗೆ 5,00,000 ಡಾಲರ್ ವರೆಗಿನ ಲಾಭಕ್ಕೆ ವಿನಾಯಿತಿ ಇದೆ. ಆ ಮಿತಿಯನ್ನು ನಿಗದಿ ಮಾಡಿದ್ದು 1997ರಲ್ಲಿ, ಅಂದಿನಿಂದ ಅದು ಒಂದು ಡಾಲರೂ ಏರಿಲ್ಲ. ನಮ್ಮ ಮನೆಯ ಲಾಭ ಅದನ್ನು ಎಂದೋ ದಾಟಿದೆ. ಅದೇ ನಾವು ಸಾಯುವ ತನಕ ಇಲ್ಲೇ ಇದ್ದರೆ ಮಕ್ಕಳ ಕೈಗೆ ಬರುವಾಗ ಮನೆಯ ಬೆಲೆಯನ್ನು ಆ ದಿನದ ಮಾರುಕಟ್ಟೆ ಬೆಲೆಯಾಗಿ ಹಿಡಿಯುತ್ತಾರೆ, ಅಷ್ಟು ವರ್ಷದ ಲಾಭಕ್ಕೆ ತೆರಿಗೆಯೇ ಇಲ್ಲ. ಅಂದರೆ ಸರ್ಕಾರವೇ ನಮಗೆ ಹೇಳುತ್ತಿದೆ: ಹೋಗಬೇಡಿ, ಇಲ್ಲೇ ಸಾಯಿರಿ ಎಂದು.

2020ರ ಪ್ರೊಪೊಸಿಷನ್ 19 ಬಂದ ಮೇಲೆ 55 ದಾಟಿದವರು ತಮ್ಮ ಹಳೆಯ ತೆರಿಗೆಯ ಲೆಕ್ಕವನ್ನು ರಾಜ್ಯದೊಳಗೆ ಇನ್ನೊಂದು ಮನೆಗೆ ಒಯ್ಯಬಹುದು, ಮೂರು ಬಾರಿಯ ತನಕ. ಅದು ನಿಜವಾದ ಅನುಕೂಲ. ಆದರೆ ಲಾಭದ ತೆರಿಗೆ ಕೇಂದ್ರದ್ದೂ ಹೌದು, ಅದನ್ನು ಪ್ರೊಪೊಸಿಷನ್ 19 ಮುಟ್ಟುವುದಿಲ್ಲ. ಮೇಲಾಗಿ ವೈದ್ಯರು ಇಲ್ಲಿದ್ದಾರೆ, ಗೆಳೆಯರು ಇಲ್ಲಿದ್ದಾರೆ, ಹಿತ್ತಿಲಲ್ಲಿ ಏಪ್ರಿಕಾಟ್ ಮರವಿದೆ. ಈ ಊರು 1955ರಲ್ಲಿ ನಗರವಾಗುವ ಮುನ್ನ ಇಲ್ಲೆಲ್ಲ ತೋಟಗಳೇ ಇದ್ದವಂತೆ. ನಮ್ಮ ಮರ ಅಷ್ಟು ಹಳೆಯದಲ್ಲ, ಆದರೂ ಹಾಗೆಂದುಕೊಳ್ಳಲು ಇಷ್ಟ.

ಇನ್ನು ಆದಾಯ. ಸಮೀಕ್ಷೆಯ ಕಾಗದ ನಮ್ಮ ಮನೆಗೂ ಒಮ್ಮೆ ಬಂದಿತ್ತು. ಪಿಂಚಣಿ, ಸೋಷಿಯಲ್ ಸೆಕ್ಯುರಿಟಿ, ಒಂದಿಷ್ಟು ಬಡ್ಡಿ ಎಂದು ಬರೆದೆವು. ಆ ಕಾಗದದ ಪ್ರಕಾರ ನಾವು ಕೆಳಮಧ್ಯಮ ವರ್ಗ!

ಅಂಕಿಸಂಖ್ಯೆ

ಏಪ್ರಿಕಾಟ್ ಅವರು ಹೇಳಿದ ಕೊನೆಯ ಮಾತು ಈ ಚರ್ಚೆಯಲ್ಲೇ ಮುಖ್ಯವಾದದ್ದು. ಆ ಸಮೀಕ್ಷೆ ಆದಾಯವನ್ನು ಕೇಳುತ್ತದೆ, ಆಸ್ತಿಯನ್ನಲ್ಲ. ಷೇರು ಅಥವಾ ಮನೆ ಮಾರಿ ಬಂದ ಲಾಭ ಅದರ ಆದಾಯದ ಲೆಕ್ಕಕ್ಕೇ ಸೇರುವುದಿಲ್ಲ. ಹೀಗಾಗಿ ಕೋಟಿಗಟ್ಟಲೆ ರೂಪಾಯಿ ಬೆಲೆಯ ಮನೆಯಲ್ಲಿ ಸಾಲವಿಲ್ಲದೆ ಕುಳಿತವರು ಕಡಿಮೆ ಆದಾಯದವರಂತೆ ಕಾಣುತ್ತಾರೆ. ಪಕ್ಕದಲ್ಲಿ ತಿಂಗಳಿಗೆ ಹದಿನೈದು ಸಾವಿರ ಡಾಲರ್ ಕಂತು ಕಟ್ಟುತ್ತಾ ರಾತ್ರಿ ನಿದ್ದೆಗೆಟ್ಟವರು ಅತಿ ಶ್ರೀಮಂತರ ಸಾಲಿನಲ್ಲಿ ನಿಲ್ಲುತ್ತಾರೆ. ಮಧ್ಯಾಂಕ ಇವರಿಬ್ಬರ ನಡುವೆ ಎಲ್ಲೋ ಬಿದ್ದಿರುತ್ತದೆ, ಆ ಬಿಂದುವಿನಲ್ಲಿ ಯಾರೂ ವಾಸಿಸದಿದ್ದರೂ ಆಶ್ಚರ್ಯವಿಲ್ಲ.

ಮೇಲಿನ ತುದಿಯಲ್ಲೂ ಒಂದು ತಮಾಷೆ ಇದೆ. ಹತ್ತಿರದ ಲಾಸ್ ಆಲ್ಟೋಸ್ ಹಿಲ್ಸ್, ಅದರಾಚೆಯ ಆಥರ್ಟನ್ ಇವುಗಳ ಮಧ್ಯಾಂಕವನ್ನು ಹುಡುಕಿ. ಸಂಖ್ಯೆಯೇ ಸಿಗದು, "2,50,000+" ಎಂದಷ್ಟೇ ಇರುತ್ತದೆ. ಪ್ರಕಟಣೆಯ ಮಿತಿ ಅಲ್ಲಿಗೆ ನಿಲ್ಲುತ್ತದೆ. ಕ್ಯುಪರ್ಟಿನೋ ಈಗ ಆ ಗೋಡೆಯ ಹತ್ತಿರ ಬರುತ್ತಿದೆ. ಅದನ್ನು ಮುಟ್ಟಿದರೆ ಆಮೇಲೆ ಎಷ್ಟು ಏರಿದರೂ ಪಟ್ಟಿಯಲ್ಲಿ ಏರಿಕೆ ಕಾಣಿಸುವುದಿಲ್ಲ.

ಎರಡನೇ ತಲೆಮಾರು

ಒಂದು ಕೊಂಡಿ ಬಿಟ್ಟುಹೋಯಿತು. ಒಂದೇ ಮನೆಯಲ್ಲಿ ಎಷ್ಟು ಸಂಬಳ ಬರುತ್ತದೆ ಎಂಬುದು. ಎಚ್-1ಬಿ ವೀಸಾದ ಮೇಲೆ ಬಂದ ಉದ್ಯೋಗಿಗಳಲ್ಲಿ ಗ್ರೀನ್ ಕಾರ್ಡಿನ ಹಾದಿಯಲ್ಲಿ ನಿಗದಿತ ಹಂತ ದಾಟಿದವರ ಸಂಗಾತಿಗಳಿಗೆ ಕೆಲಸದ ಅನುಮತಿ ಸಿಕ್ಕಿದ್ದು 2015ರ ಮೇ ತಿಂಗಳಿಂದ. ಅದಕ್ಕೆ ಮುಂಚೆ ಎಷ್ಟೋ ಮನೆಗಳಲ್ಲಿ ಒಬ್ಬರು ದುಡಿಯುತ್ತಿದ್ದರು, ಇನ್ನೊಬ್ಬರು ಪದವಿಯನ್ನು ಕಪಾಟಿನಲ್ಲಿಟ್ಟು ಮನೆಯಲ್ಲಿರುತ್ತಿದ್ದರು. ನನ್ನ ಚಿಕ್ಕಮ್ಮ ಏಳು ವರ್ಷ ಹಾಗಿದ್ದು, ಅನುಮತಿ ಬಂದ ಮರುತಿಂಗಳೇ ಕೆಲಸಕ್ಕೆ ಸೇರಿದರು. ಸಮೀಕ್ಷೆಯಲ್ಲಿ ಆ ಮನೆಯ ಆದಾಯ ಇಮ್ಮಡಿ. ಯಾರ ಸಂಬಳವೂ ಏರಿರಲಿಲ್ಲ.

ದಾರಿಹೋಕ

ಒಪ್ಪಿದೆ, ನನ್ನ ಒಂದು ಸಾಲಿನ ಉತ್ತರ ಹಿಂದಕ್ಕೆ ತೆಗೆದುಕೊಂಡೆ. ಆದರೆ ಹೊಸ ಮನೆ ಕಟ್ಟಿದರೆ ಎಲ್ಲವೂ ಸರಿಹೋಗದೇ? ರಾಜ್ಯ ಸರ್ಕಾರ ಕಟ್ಟಿರೆಂದು ಹೇಳುತ್ತಲೇ ಇದೆ.

ಮೂವತ್ತು ವರ್ಷ

ಹೇಳುತ್ತಿದೆ, ಈ ಊರು ಕಿವಿಗೆ ಹತ್ತಿಯಿಟ್ಟುಕೊಂಡು ಕೇಳುತ್ತಿದೆ. 2023ರಿಂದ 2031ರ ಅವಧಿಗೆ ಕ್ಯುಪರ್ಟಿನೋ 4,588 ಮನೆಗಳಿಗೆ ಜಾಗ ತೋರಿಸಬೇಕು. ಹಿಂದಿನ ಅವಧಿಯ ಗುರಿ 1,064 ಇತ್ತು. ವಾಲ್ಕೋ ಮಾಲ್ ಕಥೆ ಗೊತ್ತಿರಬಹುದು: ಅಂಗಡಿಗಳೆಲ್ಲ ಖಾಲಿಯಾಗಿ, ಆ ಜಾಗದಲ್ಲಿ ಮನೆ ಕಟ್ಟಬೇಕೋ ಕಚೇರಿ ಕಟ್ಟಬೇಕೋ ಎಂದು ಮತಪೆಟ್ಟಿಗೆಯ ತನಕ ಹೋಗಿ, 2018ರಲ್ಲಿ, ಮನೆ ಯೋಜನೆಗಳಿಗೆ ಬೇಗ ಅನುಮತಿ ಕೊಡಿಸುವ ರಾಜ್ಯದ ಎಸ್‌ಬಿ 35 ಕಾನೂನಿನ ಬಲದಿಂದ ಅನುಮತಿ ಸಿಕ್ಕಿತು. ಮಾಲ್ ನೆಲಸಮವಾಯಿತು. ಆಮೇಲೆ ವರ್ಷಗಟ್ಟಲೆ ಅಲ್ಲಿ ಮಣ್ಣು ಮಾತ್ರ.

ಸಭೆಗಳಿಗೆ ನಾನೂ ಹೋಗಿದ್ದೇನೆ. ಸಂಚಾರ ದಟ್ಟಣೆ ಹೆಚ್ಚುತ್ತದೆ, ಶಾಲೆಗಳಲ್ಲಿ ಜಾಗ ಸಾಲುವುದಿಲ್ಲ ಎಂಬುದು ಪ್ರತಿ ಬಾರಿಯ ವಾದ. ಶಾಲೆಯಲ್ಲಿ ಜಾಗ ಸಾಲದು ಎಂದು ವಾದಿಸಿದವರಲ್ಲಿ ಕೆಲವರು ಕೆಲವೇ ವರ್ಷಗಳಲ್ಲಿ ಶಾಲೆ ಮುಚ್ಚಬೇಡಿ ಎಂಬ ಫಲಕ ಹಿಡಿದು ನಿಂತದ್ದನ್ನೂ ನೋಡಿದೆ. ನಗಬೇಕೆನಿಸಿತು, ನಗಲಿಲ್ಲ. ಮೊದಲ ವಾದಕ್ಕೆ ನಾನೂ ಒಮ್ಮೆ ಕೈ ಎತ್ತಿದ್ದೆ.

ಕಟ್ಟಿದರೂ ಯಾರಿಗೆ ಎಂಬ ಪ್ರಶ್ನೆ ಇದೆ. ಸಾಂಟಾ ಕ್ಲಾರಾ ಕೌಂಟಿಯಲ್ಲಿ 2023ರ ಸರ್ಕಾರಿ ಲೆಕ್ಕದಂತೆ ನಾಲ್ವರ ಕುಟುಂಬದ ಆದಾಯದ ಮಧ್ಯಾಂಕ 1,81,300 ಡಾಲರ್. ಆ ವರ್ಷ 1,37,100ಕ್ಕಿಂತ ಕಡಿಮೆಯಿದ್ದರೆ "ಕಡಿಮೆ ಆದಾಯ"ದ ಮನೆಗೆ ಅರ್ಜಿ ಹಾಕಬಹುದಿತ್ತು. ಈ ಊರಿನ ಮಕ್ಕಳಿಗೆ ಪಾಠ ಮಾಡುವ ಶಿಕ್ಷಕರಲ್ಲಿ ಎಷ್ಟೋ ಮಂದಿ ಆ ಗೆರೆಯ ಕೆಳಗೇ ಇದ್ದಾರೆ.

ಎರಡನೇ ತಲೆಮಾರು

ಮುಚ್ಚಿದ ಶಾಲೆಗಳಲ್ಲಿ ಒಂದರ ಮುಂದೆ ಮೊನ್ನೆ ಸಂಜೆ ಹಾದುಹೋದೆ. ಬೇಲಿಯ ಪಕ್ಕ ಸೈಕಲ್ ನಿಲ್ಲಿಸುವ ಕಂಬಿಗಳ ಸಾಲು, ಒಂದೂ ಸೈಕಲ್ ಇಲ್ಲ. ನೆಲದ ಮೇಲೆ ಹಳದಿ ಬಣ್ಣದಲ್ಲಿ ಬರೆದ ಕುಂಟೆಬಿಲ್ಲೆಯ ಚೌಕಗಳು ಮಾಸಿದ್ದವು, ಎಂಟನೆಯದು ಮಾತ್ರ ಓದಲು ಬರುತ್ತಿತ್ತು. ಇಬ್ಬರು ಅಜ್ಜಿಯರು ಆ ಚೌಕಗಳ ಸುತ್ತ ವಾಯುವಿಹಾರ ಮಾಡುತ್ತಿದ್ದರು. ಒಬ್ಬರು ಮ್ಯಾಂಡರಿನ್‌ನಲ್ಲಿ, ಇನ್ನೊಬ್ಬರು ತಮಿಳಿನಲ್ಲಿ ಮಾತಾಡುತ್ತಿದ್ದರು, ಒಬ್ಬರಿಗೊಬ್ಬರಿಗಲ್ಲ, ಅವರವರ ಫೋನಿಗೆ.

ಇವರನ್ನು ಯಾವ ಸಾಲಿನಲ್ಲಿ ಎಣಿಸುತ್ತಾರೆ? ಮಗನ ಮನೆಯಲ್ಲಿ ಕಾಯಂ ಆಗಿ ನೆಲೆಸಿದ್ದರೆ ಆ ಮನೆಯ ತಲೆಗಳಲ್ಲಿ ಒಂದು. ಮನೆಯ ಆದಾಯ ಹೆಚ್ಚುವುದಿಲ್ಲ, ತಲಾ ಆದಾಯ ಇಳಿಯುತ್ತದೆ. ಮನೆವಾರು ಆದಾಯವೂ ತಲಾ ಆದಾಯವೂ ಬೇರೆ ಬೇರೆ ಕಥೆ ಹೇಳಲು ಇದೂ ಒಂದು ಕಾರಣ.

ಬಾಡಿಗೆಮನೆ

ಎಲ್ಲರಿಗೂ ಧನ್ಯವಾದ. ಈಗ ಸ್ವಲ್ಪ ಬೆಳಕು ಕಂಡಿದೆ. ಹಾಗಿದ್ದರೆ ನನ್ನಂಥವನು ನೋಡಬೇಕಾದ ಅಂಕಿ ಯಾವುದು? ಊರಿನ ಮಧ್ಯಾಂಕದಿಂದ ನನಗೆ ಏನೂ ಪ್ರಯೋಜನವಿಲ್ಲ ಎಂದಾಯಿತು.

ಅಂಕಿಸಂಖ್ಯೆ

ಅದೇ ಸಮೀಕ್ಷೆಯ ಎರಡು ಪಟ್ಟಿ ನೋಡಿ. ಸ್ವಂತ ಮನೆಯವರ ಮತ್ತು ಬಾಡಿಗೆದಾರರ ಆದಾಯವನ್ನು ಬೇರೆ ಮಾಡಿ ಕೊಡುವ ಬಿ25119 ಒಂದು. ಯಜಮಾನರ ವಯಸ್ಸಿನಂತೆ ವಿಂಗಡಿಸುವ ಬಿ19049 ಇನ್ನೊಂದು. ಎರಡನೆಯದರಲ್ಲಿ 25ರಿಂದ 44ರ ಸಾಲನ್ನೂ 65 ದಾಟಿದವರ ಸಾಲನ್ನೂ ಅಕ್ಕಪಕ್ಕ ಇಟ್ಟರೆ ಇಲ್ಲಿ ಇಷ್ಟು ಹೊತ್ತು ಆಡಿದ ಮಾತೆಲ್ಲ ಎರಡು ಸಂಖ್ಯೆಯಲ್ಲಿ ಕಾಣುತ್ತದೆ. ಪ್ರತಿ ಸಂಖ್ಯೆಯ ಪಕ್ಕದಲ್ಲಿ ದೋಷದ ಅಂತರ (ಅಂದಾಜು ಎಷ್ಟು ಹೆಚ್ಚುಕಡಿಮೆ ಇರಬಹುದು ಎಂಬುದು) ಕೊಟ್ಟಿರುತ್ತಾರೆ, ಅದನ್ನು ಬಿಟ್ಟು ಓದಬೇಡಿ. ಬೀದಿಯ ಮಟ್ಟಕ್ಕೆ ಇಳಿದಷ್ಟೂ ಆ ಅಂತರ ಹಿಗ್ಗುತ್ತದೆ.

ಅದಕ್ಕೂ ಮುಂಚೆ ಒಂದು ಸರಳ ಕೆಲಸ ಮಾಡಿ. ಕ್ಯುಪರ್ಟಿನೋ ಶಾಲಾ ಜಿಲ್ಲೆಯ ಗಡಿಯೂ ಕ್ಯುಪರ್ಟಿನೋ ನಗರದ ಗಡಿಯೂ ಒಂದಲ್ಲ. ಮುಚ್ಚಿದ ಎರಡು ಶಾಲೆಗಳಲ್ಲಿ ಮೈಯರ್‌ಹೋಲ್ಜ್ ಇದ್ದದ್ದು ಸ್ಯಾನ್ ಹೋಸೆಯಲ್ಲಿ. ಆ ಜಿಲ್ಲೆ ಸನಿವೇಲ್‌ನ ಒಂದು ಭಾಗಕ್ಕೂ ಚಾಚಿದೆ. ನಿಮ್ಮ ಈಗಿನ ವಿಳಾಸವನ್ನು ಜಿಲ್ಲೆಯ ನಕ್ಷೆಯಲ್ಲಿ ಹಾಕಿ ನೋಡಿದ್ದೀರಾ?

ಬಾಡಿಗೆಮನೆ

ಈಗಷ್ಟೇ ನೋಡಿದೆ. ಆರು ವರ್ಷಗಳಿಂದ ಆ ಜಿಲ್ಲೆಯೊಳಗೇ ಇದ್ದೇವೆ. ಹೆಂಡತಿಗೆ ಹೇಗೆ ಹೇಳುವುದೆಂದು ಯೋಚಿಸುತ್ತಿದ್ದೇನೆ, ನಾಳೆ ಮೂರು ಮನೆ ನೋಡಲು ಸಮಯ ಗೊತ್ತು ಮಾಡಿಟ್ಟಿದ್ದಾಳೆ.

ಏಪ್ರಿಕಾಟ್

ಮನೆ ನೋಡಲು ಹೋಗಿ, ತಪ್ಪೇನಿಲ್ಲ. ದಾರಿಯಲ್ಲಿ ನಮ್ಮ ಕಡೆ ಬನ್ನಿ. ಹಣ್ಣು ಈ ವರ್ಷ ವಿಪರೀತ ಬಿಟ್ಟಿದೆ, ತಿನ್ನುವವರಿಲ್ಲ.